ಎಲ್ಲರ ನಾದ, ಯಾರ ಋಣ? – ಜಾಝ್, ಜನಾಂಗ ಮತ್ತು ಕನ್ನಡತನ

1

ಕನ್ನಡ ವಿಭಾಗವೊಂದರ ಸ್ಮರಣ ಸಂಪುಟದಲ್ಲಿ ಜಾಝ್ ಸಂಗೀತವನ್ನು ಕುರಿತ ಬರಹ ಕಂಡು ಕೆಲವು ಓದುಗರಿಗೆ ಅಚ್ಚರಿಯಾಗಬಹುದು. ನಾನು ಸಂಗೀತಶಾಸ್ತ್ರವನ್ನು ಬಲ್ಲವನಲ್ಲ. ಹಳಗನ್ನಡ ಕಾವ್ಯವನ್ನೂ ಜಾನಪದವನ್ನೂ ಪಾಠ ಹೇಳುತ್ತ ಬಂದ ಅಧ್ಯಾಪಕ. ಆದರೆ ಅಮೆರಿಕದ ಸಂಸ್ಕೃತಿ ವಿಮರ್ಶಕ ಸ್ಟ್ಯಾನ್ಲಿ ಕ್ರೌಚ್ ಜಾಝನ್ನು ಮುಂದಿಟ್ಟುಕೊಂಡು ಎತ್ತಿದ ಪ್ರಶ್ನೆಗಳು ಸಂಗೀತಕ್ಕೆ ಮಾತ್ರ ಸೀಮಿತವಾದವಲ್ಲ. ಒಂದು ಸಮಾಜವು ಯಾರನ್ನು ಹೊರಗಿಟ್ಟಿತೋ ಅವರೇ ಕಟ್ಟಿದ ಕಲೆ ಮುಂದೆ ಆ ಸಮಾಜದ ಅನನ್ಯತೆಯ ಗುರುತಾದರೆ ಅದು ಯಾರ ಸೊತ್ತು? ಎಲ್ಲರದೂ ಎನ್ನುವುದಾದರೆ ಅದನ್ನು ಕಟ್ಟಿದವರ ಋಣ ಏನಾಯಿತು? ಜಾನಪದವನ್ನು 'ನಮ್ಮದು' ಎಂದು ಹೆಮ್ಮೆಯಿಂದ ಕರೆದುಕೊಳ್ಳುವ ನಮಗೂ ಈ ಪ್ರಶ್ನೆಗಳು ಸಲ್ಲುತ್ತವೆ.

ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಪುಸ್ತಕದಲ್ಲಲ್ಲ. ಕೆಲವು ವರ್ಷಗಳ ಹಿಂದೆ ಅಂಧೇರಿಯ ಸಂಘವೊಂದು ರಾಜ್ಯೋತ್ಸವವನ್ನು ಏರ್ಪಡಿಸಿತ್ತು. ಭಾಷಣ, ಭಾವಗೀತೆಗಳ ಜೊತೆಗೆ ಕರಾವಳಿಯ ಡೋಲು ಕುಣಿತವೂ ಇರಲಿ ಎಂದು ಸಲಹೆ ಕೊಟ್ಟವನು ನಾನೇ. ನನ್ನ ತರಗತಿಯಲ್ಲಿ ಆಗ ಕೊರಗ ಸಮುದಾಯದ ಒಬ್ಬ ವಿದ್ಯಾರ್ಥಿಯಿದ್ದ. ಉಪಾಹಾರಗೃಹವೊಂದರಲ್ಲಿ ಲೆಕ್ಕ ಬರೆಯುತ್ತ ಬಿಡುವಿನಲ್ಲಿ ಓದುತ್ತಿದ್ದ ಹುಡುಗ. ಊರಿನಿಂದ ನಾಲ್ಕು ಜನರನ್ನು ಕರೆಸಿ ನೀನೂ ಅವರೊಡನೆ ಬಾರಿಸಬೇಕು ಎಂದು ಅವನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾನು ಬಾರಿಸುವುದಿಲ್ಲ. ನನ್ನ ಅಜ್ಜ ಕರೆದಲ್ಲಿಗೆಲ್ಲ ಹೋಗಿ ಬಾರಿಸಿದವರು. ಕರೆದಾಗ ಹೋಗದೆ ಇರಲಿಕ್ಕೆ ಅಂತಲೇ ನನ್ನನ್ನು ಓದಿಸಿದ್ದು" ಎಂದ. ಇದು ಬಿಟ್ಟಿ ಚಾಕರಿಗೆ ಕರೆಯುವುದಲ್ಲ, ಗೌರವದಿಂದ ಕರೆಯುವುದು, ಡೋಲು ನಮ್ಮೆಲ್ಲರ ಸಂಸ್ಕೃತಿಯಲ್ಲವೇ ಎಂದು ನಾನು ಸಮಾಧಾನ ಹೇಳಿದೆ. "ಎಲ್ಲರದ್ದಾದರೆ ಯಾರಾದರೂ ಬಾರಿಸಬಹುದಲ್ಲ ಸರ್" ಎಂದನು. ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ಆ ವರ್ಷ ಡೋಲು ಕುಣಿತ ನಡೆಯಲಿಲ್ಲ.

ಕ್ರೌಚ್ ಅವರ ಬರಹಗಳನ್ನು ನಾನು ಗಂಭೀರವಾಗಿ ಓದಿದ್ದು ಆ ಬಳಿಕ. ಅವರಲ್ಲಿ ಆ ಹುಡುಗನಿಗೆ ಹೇಳಬಹುದಾಗಿದ್ದ ಉತ್ತರದ ಅರ್ಧ ಸಿಕ್ಕಿತು. ಉಳಿದರ್ಧ ಏಕೆ ಸಿಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

2

ಕ್ರೌಚ್ 1945ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿ 2020ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಕವಿ, ಅಧ್ಯಾಪಕ, ಅಂಕಣಕಾರ. ಸ್ವತಃ ಡ್ರಮ್ ಬಾರಿಸುತ್ತಿದ್ದವರು. ತಾರುಣ್ಯದಲ್ಲಿ ಕಪ್ಪು ರಾಷ್ಟ್ರೀಯತೆಯ ಕಡೆಗೆ ಒಲಿದಿದ್ದ ಅವರು ಎಪ್ಪತ್ತರ ದಶಕದ ನಂತರ ಅದರ ಕಟು ವಿಮರ್ಶಕರಾದರು. ಈ ಪಲ್ಲಟಕ್ಕೆ ಕಾರಣರಾದವರು ಇಬ್ಬರು ಹಿರಿಯರು. ಒಬ್ಬರು 'ಇನ್‌ವಿಸಿಬಲ್ ಮ್ಯಾನ್' (1952) ಕಾದಂಬರಿಯ ರಾಲ್ಫ್ ಎಲಿಸನ್. ಇನ್ನೊಬ್ಬರು 'ದಿ ಆಮ್ನಿ-ಅಮೆರಿಕನ್ಸ್' (1970) ಕೃತಿಯ ಆಲ್ಬರ್ಟ್ ಮರೆ. ಎಲಿಸನ್ ಬರಹಗಾರರಾಗುವ ಮುನ್ನ ಟಸ್ಕೀಗಿ ಸಂಸ್ಥೆಯಲ್ಲಿ ಟ್ರಂಪೆಟ್ ಕಲಿತವರು ಎಂಬುದನ್ನು ಇಲ್ಲಿ ನೆನೆಯಬೇಕು. ಈ ಮೂವರನ್ನೂ ಒಂದು ಪರಂಪರೆಯೆಂದು ಓದುವುದು ಉಚಿತ.

ಈ ಪರಂಪರೆಯ ಮೊದಲ ವಾದ ಹೀಗಿದೆ. ಗುಲಾಮಗಿರಿಯಿಂದ ಬಂದ ಜನರ ಬದುಕನ್ನು ಬರಿಯ ನೋವಿನ, ಕೊರತೆಯ, ರೋಗದ ಕಥನವಾಗಿ ಓದುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ. ಅರುವತ್ತರ ದಶಕದ ಅಮೆರಿಕದ ಸಮಾಜಶಾಸ್ತ್ರ, ವಿಶೇಷವಾಗಿ 1965ರ ಮೊಯ್ನಿಹನ್ ವರದಿ, ಕಪ್ಪು ಕುಟುಂಬದ ಶೈಥಿಲ್ಯವನ್ನೇ ಮುಂದಿಟ್ಟಿತು. ಮರೆ ಇದನ್ನು ಕಟುವಾಗಿ ಎದುರಿಸಿದರು. ಲಿರಾಯ್ ಜೋನ್ಸ್ (ಮುಂದೆ ಅಮೀರಿ ಬರಾಕಾ) 1963ರಲ್ಲಿ ಪ್ರಕಟಿಸಿದ 'ಬ್ಲೂಸ್ ಪೀಪಲ್' ಕೃತಿಯನ್ನು ವಿಮರ್ಶಿಸುತ್ತ ಎಲಿಸನ್ ಎತ್ತಿದ ಆಕ್ಷೇಪವೂ ಇದೇ ಜಾತಿಯದು: ಕಲೆಯ ಮೇಲೆ ಸಮಾಜಶಾಸ್ತ್ರದ ಹೊರೆಯನ್ನು ಹೇರಿದರೆ ಕಲೆಯ ಚೆಲುವು ಕಾಣದಾಗುತ್ತದೆ. ಬ್ಲೂಸ್ ಹಾಡು ಶೋಕಕ್ಕೆ ಶರಣಾದವರ ಹಾಡಲ್ಲ. ಶೋಕವನ್ನು ಎದುರಿಗೆ ಕೂರಿಸಿಕೊಂಡು, ಲಯದಿಂದ ಅದನ್ನು ಮಣಿಸಿ, ಶನಿವಾರದ ರಾತ್ರಿ ಕುಣಿದು ಮರುದಿನದ ಬದುಕಿಗೆ ಎದ್ದು ನಿಲ್ಲುವವರ ವಿಧಿ ಅದು. ಮರೆ ಅವರ 'ಸ್ಟಾಂಪಿಂಗ್ ದ ಬ್ಲೂಸ್' (1976) ಇದನ್ನು ವಿಸ್ತಾರವಾಗಿ ಹೇಳುತ್ತದೆ.

ಎರಡನೆಯ ವಾದ ಅನನ್ಯತೆಯನ್ನು ಕುರಿತದ್ದು. ಅಮೆರಿಕದವರು ಬಿಳಿಯರಾಗಲಿ ಕಪ್ಪು ಜನರಾಗಲಿ ಸಾಂಸ್ಕೃತಿಕವಾಗಿ ಬೆರಕೆಯವರೇ. ಆಫ್ರಿಕದ ಲಯಜ್ಞಾನ, ಯುರೋಪಿನ ವಾದ್ಯ ಮತ್ತು ಸ್ವರಸಂಯೋಜನೆ, ಚರ್ಚಿನ ಪ್ರಾರ್ಥನೆ, ಮೆರವಣಿಗೆಯ ಬ್ಯಾಂಡು ಇವೆಲ್ಲ ನ್ಯೂ ಆರ್ಲಿಯನ್ಸಿನಂಥ ನಗರದಲ್ಲಿ ಕೂಡಿ ಜಾಝ್ ಆಯಿತು. ಹೀಗೆ ಕೂಡಿಸಿದವರು ಆ ದೇಶದಲ್ಲಿ ಸಮಾನ ಹಕ್ಕಿಲ್ಲದವರು. ಆದ್ದರಿಂದ ಅಮೆರಿಕದ ಅತ್ಯಂತ ಸ್ವಂತವಾದ ಕಲೆಯನ್ನು ಅಮೆರಿಕವು ಒಲ್ಲದ ಮಕ್ಕಳು ಕಟ್ಟಿಕೊಟ್ಟರು ಎಂದಾಗುತ್ತದೆ. ಇಷ್ಟನ್ನು ಒಪ್ಪಿದರೆ ಬಿಳಿಯರ ಶುದ್ಧತೆಯ ಹಮ್ಮೂ ಉಳಿಯುವುದಿಲ್ಲ, ಕಪ್ಪು ರಾಷ್ಟ್ರೀಯವಾದಿಗಳ ಪ್ರತ್ಯೇಕತೆಯ ಹಂಬಲವೂ ಉಳಿಯುವುದಿಲ್ಲ.

ಮೂರನೆಯ ವಾದ ಕ್ರೌಚ್ ಅವರ ವಿಶಿಷ್ಟ ಕೊಡುಗೆ. ಜಾಝ್ ತಂಡದಲ್ಲಿ ಒಂದು ಮೂಲರಾಗವಿರುತ್ತದೆ. ಪ್ರತಿಯೊಬ್ಬ ವಾದಕನೂ ತನ್ನ ಸರದಿ ಬಂದಾಗ ಅದನ್ನು ಆ ಕ್ಷಣದಲ್ಲಿ ತನ್ನದಾಗಿ ಬೆಳೆಸುತ್ತಾನೆ. ಉಳಿದವರು ಕೇಳಿಸಿಕೊಳ್ಳುತ್ತ ಆಸರೆ ಕೊಡುತ್ತಾರೆ, ಕೆಲವೊಮ್ಮೆ ಕೆಣಕುತ್ತಾರೆ. ತಾಳಮದ್ದಳೆಯನ್ನು ಬಲ್ಲ ಮುಂಬಯಿ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರ ಪದ ಎಲ್ಲರಿಗೂ ಒಂದೇ. ಅರ್ಥಧಾರಿ ಅದನ್ನು ಎಲ್ಲಿಗೆ ಒಯ್ಯುತ್ತಾನೆ, ಎದುರಾಳಿ ಅದಕ್ಕೆ ಏನು ಹೇಳುತ್ತಾನೆ ಎಂಬುದು ಆ ರಾತ್ರಿಯ ಸೃಷ್ಟಿ. ಕ್ರೌಚ್ ಈ ರಚನೆಯಲ್ಲಿ ಪ್ರಜಾಪ್ರಭುತ್ವದ ಪ್ರತಿರೂಪವನ್ನು ಕಂಡರು. 'ದಿ ಆಲ್-ಅಮೆರಿಕನ್ ಸ್ಕಿನ್ ಗೇಮ್' (1995) ಸಂಕಲನದಲ್ಲಿ ಅವರು ಅಮೆರಿಕದ ಸಂವಿಧಾನವನ್ನೇ ಬ್ಲೂಸ್ ಮನೋಧರ್ಮದ ದಾಖಲೆಯೆಂದು ಓದುತ್ತಾರೆ. ಸಂವಿಧಾನವು ಮನುಷ್ಯನ ಒಳ್ಳೆಯತನವನ್ನು ಕುರುಡಾಗಿ ನಂಬುವುದಿಲ್ಲ. ಅಧಿಕಾರ ಸಿಕ್ಕವನು ಕೆಡುತ್ತಾನೆಂದು ಮೊದಲೇ ಊಹಿಸಿ ತಡೆಗಳನ್ನು ಇಡುತ್ತದೆ. ತಪ್ಪನ್ನು ತಿದ್ದಲು ತಿದ್ದುಪಡಿಯ ಬಾಗಿಲನ್ನು ತೆರೆದಿಡುತ್ತದೆ. ಕೇಡಿನ ಅರಿವಿದ್ದೂ ಭರವಸೆಯನ್ನು ಕಳೆದುಕೊಳ್ಳದಿರುವುದೇ ಬ್ಲೂಸ್ ಎಂಬುದು ಅವರ ನಿಲುವು.

ಈ ಭಾಗವನ್ನು ಓದುವಾಗ ನನಗೆ ಅಂಬೇಡ್ಕರ್ ನೆನಪಾದರು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಗೆ ನಾವು ಕಾಲಿಡುತ್ತಿದ್ದೇವೆಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದರು. ಹೀಗೆ ಎಚ್ಚರಿಸಿದವರೇ ಆ ಸಂವಿಧಾನದ ಕರಡನ್ನು ಸಿದ್ಧಪಡಿಸಿದವರೂ ಹೌದು. ಕೊಲಂಬಿಯಾದಲ್ಲಿ ಓದಿದ್ದ ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನರು ಸಲ್ಲಿಸಿದ್ದ ಅಹವಾಲಿನ ಬಗ್ಗೆ ವಿಚಾರಿಸಿದ್ದರು. ಅದಕ್ಕೂ ಬಹಳ ಹಿಂದೆ, 1873ರಲ್ಲಿ, ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಜನಾಂಗ ಮತ್ತು ಜಾತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕ್ರಮ ನಮ್ಮಲ್ಲಿ ಹೊಸದೇನಲ್ಲ.

3

ಮುಂಬಯಿಯಲ್ಲಿ ಈ ಹೋಲಿಕೆಗೆ ಇನ್ನೊಂದು ಚರಿತ್ರೆಯೂ ಇದೆ. 1935ರಲ್ಲಿ ಲಿಯಾನ್ ಆಬಿ ಎಂಬ ಪಿಟೀಲು ವಾದಕರ ನೇತೃತ್ವದ ಕಪ್ಪು ವಾದಕರ ತಂಡ ಅಪೋಲೋ ಬಂದರಿನ ತಾಜ್ ಮಹಲ್ ಹೋಟೆಲಿಗೆ ಬಂದಿತು. ಅದರ ಬೆನ್ನಿಗೆ ಟ್ರಂಪೆಟ್ ವಾದಕ ಕ್ರಿಕೆಟ್ ಸ್ಮಿತ್, ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಬಂದರು. ವೆದರ್‌ಫರ್ಡ್ ಮತ್ತೆ ತಾಯ್ನಾಡಿಗೆ ಮರಳಿ ನೆಲೆಸಲಿಲ್ಲ. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾಕ್ಕೆ ತುತ್ತಾದರು. ಇವರ ಜೊತೆಗೆ ನುಡಿಸುತ್ತ ಜಾಝ್ ಕಲಿತವರಲ್ಲಿ ಗೋವೆಯ ಕ್ರೈಸ್ತ ವಾದಕರು ಮುಖ್ಯರು. ಪೋರ್ಚುಗೀಸ್ ಆಳ್ವಿಕೆಯ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿಯನ್ನು ಓದಲು ಬರೆಯಲು ಕಲಿತು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದವರು ಅವರು. ಈ ಕಥೆಯನ್ನು ನರೇಶ್ ಫರ್ನಾಂಡಿಸ್ ಅವರ 'ತಾಜ್ ಮಹಲ್ ಫಾಕ್ಸ್‌ಟ್ರಾಟ್' (2012) ವಿವರವಾಗಿ ದಾಖಲಿಸಿದೆ.

ಆಲ್ಡೋನಾ ಊರಿನ ಆಂತೋನಿಯೊ ಶಾವಿಯರ್ ವಾಜ್ ಎಂಬವರು 'ಚಿಕ್ ಚಾಕೊಲೇಟ್' ಎಂಬ ಹೆಸರಿನಿಂದ ಟ್ರಂಪೆಟ್ ನುಡಿಸಿ 'ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್' ಎನಿಸಿಕೊಂಡರು. ಸಿ. ರಾಮಚಂದ್ರ ಅವರ ಸಂಗೀತದ 'ಅಲ್ಬೇಲಾ' (1951) ಚಿತ್ರದಲ್ಲಿ ಅವರ ಕೈವಾಡವಿದೆ. ಅದರ ಹಾಡೊಂದರಲ್ಲಿ ಅವರೂ ಅವರ ತಂಡವೂ ತೆರೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. 1949ರ ಪಾನನಿಷೇಧ ಕಾಯಿದೆಯ ನಂತರ ಹೋಟೆಲುಗಳ ರಾತ್ರಿ ವ್ಯಾಪಾರ ಕುಗ್ಗಿತು, ಚಿತ್ರೋದ್ಯಮ ಬೆಳೆಯಿತು. ವಾದಕರು ಅತ್ತ ಸರಿದರು. ಸಂಗೀತ ನಿರ್ದೇಶಕರು ಹಾಡಿ ತೋರಿಸಿದ ಧಾಟಿಗೆ ಇಡೀ ವಾದ್ಯವೃಂದದ ಸ್ವರಲಿಪಿಯನ್ನು ಬರೆದು ಕೊಡುತ್ತಿದ್ದವರು ಸೆಬಾಸ್ಟಿಯನ್ ಡಿಸೋಜ, ಫ್ರಾಂಕ್ ಫರ್ನಾಂಡ್, ಆಂತೋನಿ ಗೊನ್ಸಾಲ್ವಿಸ್ ಮುಂತಾದವರು. ಆ ಹಾಡುಗಳನ್ನು ಇಡೀ ದೇಶ ತನ್ನದೆಂದು ಹಾಡಿತು. ಆದರೆ ಬರೆದವರ ಹೆಸರು ಶೀರ್ಷಿಕೆಗಳಲ್ಲಿ ಹೆಚ್ಚೆಂದರೆ 'ಸಹಾಯಕ' ಎಂದು ಬಂತು; ಎಷ್ಟೋ ಸಲ ಬರಲೇ ಇಲ್ಲ. 1977ರ 'ಅಮರ್ ಅಕ್ಬರ್ ಆಂತೋನಿ'ಯ ಹಾಡಿನ ಮೂಲಕ ಎಲ್ಲರ ಬಾಯಲ್ಲಿ ಕುಣಿದ ಹೆಸರು ಒಬ್ಬ ನಿಜವಾದ ಸಂಗೀತ ಗುರುವಿನದು ಎಂಬುದನ್ನು, ಅವರ ಶಿಷ್ಯ ಪ್ಯಾರೇಲಾಲ್ ಗುರುವಿಗೆ ಸಲ್ಲಿಸಿದ ಕಾಣಿಕೆ ಅದು ಎಂಬುದನ್ನು, ಬಲ್ಲವರು ಕೆಲವರೇ. 'ಮೊಘಲ್-ಎ-ಆಝಮ್' (1960) ಚಿತ್ರೀಕರಣವಾದ ಮೋಹನ್ ಸ್ಟುಡಿಯೋ ಇದ್ದದ್ದು, ಫಿಲ್ಮಾಲಯ ನೆಲೆಗೊಂಡದ್ದು ನಮ್ಮ ಅಂಧೇರಿಯಲ್ಲೇ. ಆ ರಸ್ತೆಗಳಲ್ಲಿ ಓಡಾಡುವ ನಮಗೆ ನಟರ ಹೆಸರುಗಳೆಲ್ಲ ಗೊತ್ತು. ಪಿಟೀಲಿನ ಪೆಟ್ಟಿಗೆ ಹಿಡಿದು ಲೋಕಲ್ ರೈಲಿನಲ್ಲಿ ಬಂದು ಹೋದವರ ಹೆಸರು ಗೊತ್ತಿಲ್ಲ.

ಇದೇ ನಗರ 1972ರಲ್ಲಿ ಕಪ್ಪು ಅಮೆರಿಕದಿಂದ ಇನ್ನೊಂದನ್ನು ಪಡೆಯಿತು. ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಮಾದರಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದವರು ದಲಿತ ಪ್ಯಾಂಥರ್ಸ್ ಸಂಘಟನೆಯನ್ನು ಕಟ್ಟಿದರು. ಢಸಾಳರ 'ಗೋಲ್‌ಪೀಠಾ' ಮರಾಠಿ ಕಾವ್ಯದ ನುಡಿಗಟ್ಟನ್ನೇ ಅಲುಗಿಸಿತು. ತಾಜ್ ಹೋಟೆಲಿಗೂ ಢಸಾಳರ ಕಾಮಾಟಿಪುರಕ್ಕೂ ಇರುವ ಅಂತರ ಕೆಲವೇ ಮೈಲಿ. ಆದರೆ ತಾಜಿನ ನೃತ್ಯಾಂಗಣ ಕಪ್ಪು ಜನರ ಸಂಗೀತವನ್ನು ತೆಗೆದುಕೊಂಡು ಅವರ ಚರಿತ್ರೆಯನ್ನು ಬಿಟ್ಟಿತು; ಕಾಮಾಟಿಪುರ ಅವರ ಸಿಟ್ಟನ್ನು ತೆಗೆದುಕೊಂಡಿತು, ಸಂಗೀತ ಅದರವರೆಗೆ ತಲುಪಲೇ ಇಲ್ಲ. ಜಾಝ್ ಮತ್ತು ಜನಾಂಗಗಳನ್ನು ಬೇರ್ಪಡಿಸಿ ಓದಲಾಗದು ಎಂಬ ಕ್ರೌಚ್ ಅವರ ಮಾತಿಗೆ ನಮ್ಮ ನಗರದ ಚರಿತ್ರೆ ವ್ಯತಿರೇಕದ ಮೂಲಕ ಸಾಕ್ಷಿ ನುಡಿಯುತ್ತದೆ. ಬೇರ್ಪಡಿಸಿ ಓದಿದಾಗ ಏನಾಗುತ್ತದೆ ಎಂಬುದನ್ನು ನಾವು ಇಲ್ಲಿಯೇ ಕಂಡಿದ್ದೇವೆ.

4

ಇನ್ನು ಕನ್ನಡದ ಸಂದರ್ಭಕ್ಕೆ ಬರಬಹುದು. ದಲಿತ ಪ್ಯಾಂಥರ್ಸ್ ಹುಟ್ಟಿದ ಮರುವರ್ಷ, 1973ರಲ್ಲಿ, ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನಾಡಿದರು. ಗಲಭೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಸಚಿವ ಸ್ಥಾನವನ್ನು ತೊರೆಯಬೇಕಾಯಿತು. ಕನ್ನಡದ ದಲಿತ ಚಳುವಳಿಗೆ ಇದು ಮುಖ್ಯ ಪ್ರೇರಣೆಯಾಯಿತೆಂಬುದು ತಿಳಿದ ಸಂಗತಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಈ ಕಾವಿನಲ್ಲಿ ಬಂದ ಕೃತಿ.

ಆದರೆ ಅದೇ ಸಿದ್ಧಲಿಂಗಯ್ಯನವರು ಮುಂದೆ ಗ್ರಾಮದೇವತೆಗಳ ಲೋಕವನ್ನು ಕುರಿತು 'ಅವತಾರಗಳು' ಬರೆದರು. ದೇವನೂರ ಮಹಾದೇವರ 'ಕುಸುಮಬಾಲೆ' (1984) ಚಾಮರಾಜನಗರ ಸೀಮೆಯ ಕಥನಕಾರರ ಲಯವನ್ನು ಗದ್ಯಕ್ಕೆ ತಂದಿತು. ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಕೃತಿಯಲ್ಲಿ ಈ ಪಲ್ಲಟವನ್ನು ಸಿದ್ಧಾಂತವಾಗಿ ಮಂಡಿಸಿದರು. ದಲಿತರ ಗತಕಾಲವೆಂದರೆ ಅವಮಾನ ಮಾತ್ರ ಎಂದು ನಂಬಿ ಅದನ್ನೆಲ್ಲ ಕಳಚಿಹಾಕಿದರೆ, ಅವಮಾನಿಸಿದವರ ತೀರ್ಪನ್ನೇ ಒಪ್ಪಿದಂತಾಗುತ್ತದೆ. ಅವರ ದೈವಗಳು, ಕಾವ್ಯಗಳು, ಕುಶಲವಿದ್ಯೆಗಳು ಸಾಂಸ್ಕೃತಿಕ ಸಿರಿ ಎಂಬುದು ಅವರ ವಾದದ ತಿರುಳು. ಮರೆ ಅಮೆರಿಕದಲ್ಲಿ ಹೇಳಿದ್ದಕ್ಕೂ ನಾಗರಾಜ್ ಕನ್ನಡದ ಅನುಭವದಿಂದ ಹೇಳಿದ್ದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ನೊಂದವರನ್ನು ಅವರ ನೋವಿಗಷ್ಟೇ ಇಳಿಸಬಾರದು ಎಂಬ ವಿವೇಕ ಎರಡರಲ್ಲೂ ಇದೆ.

ಬೆರಕೆಯ ವಾದವೂ ನಮಗೆ ಸಲ್ಲುವಂಥದು. ಕನ್ನಡತನದ ಹೆಮ್ಮೆಯೆಂದು ನಾವು ಹೇಳುವ ಧಾರವಾಡದ ಹಿಂದುಸ್ತಾನಿ ಪರಂಪರೆಯನ್ನೇ ನೋಡಬಹುದು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತು, ಆ ವಿದ್ಯೆಯಿಂದ ವಚನಗಳನ್ನು ಹಾಡಿದರು. ಗಂಗೂಬಾಯಿ ಹಾನಗಲ್ಲರ ಗುರು ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಈ ಧಾರೆಗಳನ್ನು ತೆಗೆದುಹಾಕಿ 'ಶುದ್ಧ' ಕನ್ನಡ ಸಂಗೀತವೊಂದನ್ನು ಹುಡುಕಹೊರಟವರಿಗೆ ಸಿಗುವುದು ಅಷ್ಟರಲ್ಲೇ ಇದೆ.

ಗಂಗೂಬಾಯಿಯವರ ಬದುಕು ಇನ್ನೊಂದು ಪಾಠವನ್ನೂ ಹೇಳುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಆ ಬಾಲಕಿಗೆ, ತನ್ನ ಜಾತಿಯ ಕಾರಣಕ್ಕೆ ಊಟದ ಎಲೆಗಳನ್ನು ಎತ್ತಲು ಹೇಳುವರೇನೋ ಎಂಬ ಅಂಜಿಕೆ ಇತ್ತು. ಅದನ್ನು ಮುಂದೆ ಅವರೇ ನೆನೆದಿದ್ದಾರೆ. ಮುಸಲ್ಮಾನ ಗಾಯಕ ಉಸ್ತಾದನಾಗುತ್ತಾನೆ, ಹಿಂದೂ ಗಾಯಕ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾದುದು. ಜಾಝ್ ಲೋಕದ ಹಿರಿಯರಾದ ಎಲಿಂಗ್ಟನ್, ಬೇಸಿ, ಆಲಿವರ್ ಇವರ ಹೆಸರುಗಳ ಹಿಂದೆ 'ಡ್ಯೂಕ್', 'ಕೌಂಟ್', 'ಕಿಂಗ್' ಎಂಬ ರಾಜಪದವಿಗಳಿರುವುದನ್ನು ಇದರ ಜೊತೆಗಿಟ್ಟು ಯೋಚಿಸಬೇಕು. ಬೀದಿಯಲ್ಲಿ ಯಾವ ವಯಸ್ಸಿನ ಕಪ್ಪು ಗಂಡಸನ್ನೂ 'ಹುಡುಗ' ಎಂದು ಕೂಗುತ್ತಿದ್ದ ನಾಡಿನಲ್ಲಿ ಆ ಬಿರುದುಗಳಿಗೆ ಅಲಂಕಾರಕ್ಕೆ ಮೀರಿದ ಅರ್ಥವಿತ್ತು. ಮಾಡಿದ ಕೆಲಸಕ್ಕೆ ಹೆಸರು ಸಲ್ಲುವುದು, ಆ ಹೆಸರನ್ನು ಕರೆಯುವ ರೀತಿ ಇವೂ ಕಲೆಯ ಚರಿತ್ರೆಯ ಭಾಗಗಳೇ.

5

ಇಲ್ಲಿಯವರೆಗಿನ ಮಾತುಗಳಿಂದ ಕ್ರೌಚ್ ಅವರನ್ನು ಹಾಗೆಯೇ ಕನ್ನಡಕ್ಕೆ ಇಳಿಸಿಕೊಳ್ಳಬಹುದೆಂದು ಯಾರೂ ಭಾವಿಸಬಾರದು. ಒಂದು ಮೂಲಭೂತ ವ್ಯತ್ಯಾಸ ನಮಗೆ ಅಡ್ಡ ಬರುತ್ತದೆ.

ಅಮೆರಿಕದಲ್ಲಿ ಗುಲಾಮರ ಕೈಯಿಂದ ಡೋಲನ್ನು ಕಿತ್ತುಕೊಳ್ಳಲಾಯಿತು. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋ ಎಂಬಲ್ಲಿ ಗುಲಾಮರು ದಂಗೆಯೆದ್ದರು. ಮರುವರ್ಷ ಬಂದ ಕಾನೂನು ಅವರು ಡೋಲು ಬಾರಿಸುವುದನ್ನು ನಿಷೇಧಿಸಿತು. ಡೋಲಿನ ಸದ್ದು ಜನರನ್ನು ಒಗ್ಗೂಡಿಸುತ್ತದೆ ಎಂಬ ಭಯ ಅದರ ಹಿಂದಿತ್ತು. ಆದ್ದರಿಂದ ಅವರು ಮತ್ತೆ ಡೋಲನ್ನು ಎತ್ತಿಕೊಂಡದ್ದು, ಜಾಝ್ ತಂಡದ ಹಿಂಬದಿಯಲ್ಲಿ ಡ್ರಮ್ ಕೂತು ಇಡೀ ತಂಡವನ್ನು ನಡೆಸಿದ್ದು, ಕಳೆದುಕೊಂಡ ಸ್ವಾತಂತ್ರ್ಯವನ್ನು ಮರಳಿ ಪಡೆದಂತೆ. ಕ್ರೌಚ್ ಅವರ ಆಶಾವಾದಕ್ಕೆ ಈ ಚರಿತ್ರೆಯ ಬಲವಿದೆ.

ನಮ್ಮಲ್ಲಿ ಆದದ್ದು ಇದಕ್ಕೆ ತೀರ ವಿರುದ್ಧ. ನಮ್ಮಲ್ಲಿ ಡೋಲನ್ನು ಕಿತ್ತುಕೊಳ್ಳಲಿಲ್ಲ, ಹೇರಲಾಯಿತು. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಬೆಳಗಿನವರೆಗೆ ಡೋಲು ಬಾರಿಸುತ್ತ ಕೂರಬೇಕಾಗಿತ್ತು. ಜಾತ್ರೆಯಿರಲಿ, ಸಾವಿರಲಿ, ಕರೆ ಬಂದರೆ ಹೋಗಲೇಬೇಕಾಗಿತ್ತು. ಉಳ್ಳವರ ರೋಗ, ದೋಷಗಳು ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯ ಅಂಗವಾಗಿಯೇ ಈ ವಾದನವೂ ಇತ್ತು. ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ ಕಾಯಿದೆ ಬಂದದ್ದು 2000ದಲ್ಲಿ. ಊರೂರುಗಳಲ್ಲಿ ತಮಟೆ ಬಾರಿಸುವವರ ಕಥೆಯೂ ಬಹುಮಟ್ಟಿಗೆ ಇದೇ. ಹುಟ್ಟಿನಿಂದ ಗಂಟುಬಿದ್ದ ಚಾಕರಿಯೇ ಇಲ್ಲಿ ಕಲೆಯ ರೂಪದಲ್ಲಿದೆ. ಕಸುಬನ್ನೂ ಕಲೆಯನ್ನೂ ಜಾತಿಯ ಹಗ್ಗದಿಂದ ಒಟ್ಟಿಗೆ ಕಟ್ಟಿದ ಸಮಾಜದಲ್ಲಿ 'ನಿಮ್ಮ ಕಲೆ ದೊಡ್ಡದು' ಎಂಬ ಮೆಚ್ಚುಗೆಯ ಮಾತು ಸಹ 'ನೀವು ಇದನ್ನೇ ಮಾಡಿಕೊಂಡಿರಿ' ಎಂಬ ಅಪ್ಪಣೆಯಾಗಿ ಕೇಳಿಸುವುದು ಸಹಜ. ನನ್ನ ವಿದ್ಯಾರ್ಥಿಗೆ ಕೇಳಿಸಿದ್ದು ಅದೇ.

ಹೀಗಾಗಿ, ಅಮೆರಿಕದಲ್ಲಿ ಬಾರಿಸುವ ಹಕ್ಕು ಎಷ್ಟು ಮುಖ್ಯವೋ ನಮ್ಮಲ್ಲಿ ಬಾರಿಸದಿರುವ ಹಕ್ಕು ಅಷ್ಟೇ ಮುಖ್ಯ. ಬಾರಿಸದಿರಲು ಸಾಧ್ಯವಾದ ಮೇಲೆಯೇ ಬಾರಿಸುವುದು ಕಲೆಯಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಕೊರಗ ಯುವಕರು ತಮ್ಮದೇ ಸಭೆಗಳಲ್ಲಿ, ತಮ್ಮದೇ ಇಚ್ಛೆಯಿಂದ ಡೋಲನ್ನು ತಮ್ಮ ಗುರುತಾಗಿ ಎತ್ತಿಕೊಳ್ಳುತ್ತಿರುವುದನ್ನು ಕಾಣುತ್ತೇವೆ. ಅದೇ ಸಮುದಾಯದಲ್ಲಿ ಅದನ್ನು ಮುಟ್ಟಲೊಲ್ಲದವರೂ ಇದ್ದಾರೆ. ಈ ಎರಡು ನಿಲುವುಗಳಲ್ಲಿ ಒಂದನ್ನು ಸರಿಯೆಂದು ಹೊರಗಿನ ನಾವು ಆರಿಸಿಕೊಡಬೇಕಾಗಿಲ್ಲ. ಎರಡೂ ಸ್ವಾತಂತ್ರ್ಯದ ರೂಪಗಳೇ.

ಕ್ರೌಚ್ ಅವರ ಚಿಂತನೆಯ ಮಿತಿಗಳನ್ನೂ ಮರೆಮಾಚಬೇಕಾಗಿಲ್ಲ. ಬೆರಕೆಯನ್ನು ಹಾಡಿಹೊಗಳಿದ ಅವರು ಜಾಝ್ ರಾಕ್ ಸಂಗೀತದೊಡನೆ ಬೆರೆತಾಗ ಸಹಿಸಲಿಲ್ಲ. ಮೈಲ್ಸ್ ಡೇವಿಸ್ ವಿದ್ಯುತ್ ವಾದ್ಯಗಳನ್ನು ಹಿಡಿದದ್ದನ್ನು ದ್ರೋಹವೆಂದೇ ಕಂಡರು. ರ್‍ಯಾಪ್ ಹಾಡಿನಲ್ಲಿ ಅವರಿಗೆ ಕೇಡು ಬಿಟ್ಟು ಬೇರೇನೂ ಕಾಣಲಿಲ್ಲ. ಶುದ್ಧತೆಯನ್ನು ನಿರಾಕರಿಸಿದವರು ಇನ್ನೊಂದು ಶುದ್ಧತೆಯ ಕಾವಲುಗಾರರಾದರು. ರಾಷ್ಟ್ರೀಯವಾದಿ ಕಪ್ಪು ಸಂಘಟನೆಗಳ ಬಗೆಗಿನ ಅವರ ತಿರಸ್ಕಾರವನ್ನು ನಮ್ಮ ದಲಿತ ಪ್ಯಾಂಥರ್ಸಿಗೆ ಅನ್ವಯಿಸಿದರೆ ಅನ್ಯಾಯವಾದೀತು. ಆ ಸಿಟ್ಟು ಇಲ್ಲದಿದ್ದರೆ ನಾಗರಾಜರ ವಿವೇಕಕ್ಕೂ ನೆಲೆ ಸಿಗುತ್ತಿರಲಿಲ್ಲ. 'ಕುಸುಮಬಾಲೆ'ಗೆ ಮೊದಲು 'ಹೊಲೆಮಾದಿಗರ ಹಾಡು' ಬರಲೇಬೇಕಾಗಿತ್ತು.

ಆದರೆ ಅವರಲ್ಲಿ ದೋಷವೆಂದು ಅನೇಕರು ಎತ್ತಿ ತೋರಿಸುವ ಒಂದು ಸಂಗತಿ ನನಗೆ ಹಾಗೆ ಕಾಣುವುದಿಲ್ಲ. 2003ರಲ್ಲಿ 'ಜಾಝ್ ಟೈಮ್ಸ್' ಪತ್ರಿಕೆಯ ಅಂಕಣದಲ್ಲಿ ಅವರು, ಬಿಳಿಯ ವಿಮರ್ಶಕರು ಬಿಳಿಯ ವಾದಕರನ್ನು ಅಳತೆ ಮೀರಿ ಮೇಲಕ್ಕೇರಿಸಿ ಜಾಝ್‌ನ ಕಪ್ಪು ಮೂಲವನ್ನು ತೆಳುಗೊಳಿಸುತ್ತಿದ್ದಾರೆಂದು ಕಟುವಾಗಿ ಬರೆದರು. ಅದರ ಬೆನ್ನಿಗೇ ಆ ಪತ್ರಿಕೆಯಲ್ಲಿ ಅವರ ಅಂಕಣ ನಿಂತಿತು. ಜಾಝ್ ಎಲ್ಲ ಅಮೆರಿಕನ್ನರದು ಎಂದವರು ಹೀಗೆ ಬಣ್ಣದ ಲೆಕ್ಕ ತೆಗೆದದ್ದು ವಿರೋಧಾಭಾಸ ಎಂದು ಕೆಲವರು ಆಕ್ಷೇಪಿಸಿದರು. ನನ್ನ ದೃಷ್ಟಿಯಲ್ಲಿ ಅವರ ಚಿಂತನೆ ಪೂರ್ಣವಾಗುವುದೇ ಇಲ್ಲಿ. ಕಲೆ ಎಲ್ಲರ ಸೊತ್ತಾಗಬಹುದು, ಆಗಬೇಕು. ಆದರೆ ಎಲ್ಲರ ಸೊತ್ತಾದ ಮಾತ್ರಕ್ಕೆ ಕಟ್ಟಿದವರ ಋಣ ತೀರುವುದಿಲ್ಲ. ಎಲ್ಲರದು ಎಂದು ಹೇಳುವವನ ಮೇಲೆ ಆ ಋಣ ಇನ್ನೂ ಹೆಚ್ಚಾಗುತ್ತದೆ.

6

ಕನ್ನಡ ವಿಭಾಗಗಳು ಈ ಋಣವನ್ನು ಹೇಗೆ ತೀರಿಸಬೇಕು? ಘೋಷಣೆಗಳಿಗಿಂತ ನಮ್ಮ ಕೈಯಳತೆಯ ಕೆಲಸಗಳ ಬಗ್ಗೆ ಮಾತನಾಡುವುದು ಒಳ್ಳೆಯದು.

ಮಂಟೇಸ್ವಾಮಿ, ಮಲೆಯ ಮಾದೇಶ್ವರ ಕಾವ್ಯಗಳನ್ನು ನಾವು ಕನ್ನಡದ ಮಹಾಕಾವ್ಯಗಳೆಂದು ಪಾಠ ಹೇಳುತ್ತೇವೆ, ಅದು ಸರಿಯೇ. ಆದರೆ ನಮ್ಮ ಅನೇಕ ಜಾನಪದ ಸಂಕಲನಗಳ ಮುಖಪುಟದಲ್ಲಿ ಸಂಪಾದಕರ ಹೆಸರಿರುತ್ತದೆ, ಹಾಡಿದವರ ಹೆಸರು ಒಳಗೆಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ. ಬೇರೆ ದಾರಿ ಇಲ್ಲವೆಂದೇನಲ್ಲ. ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರ ಸಹಯೋಗದಲ್ಲಿ 1998ರಲ್ಲಿ ಪ್ರಕಟಿಸಿದಾಗ, 15,683 ಸಾಲುಗಳ ಆ ಕೃತಿಯ ಶೀರ್ಷಿಕೆಯಲ್ಲೇ ಹಾಡಿದ ಗೋಪಾಲ ನಾಯ್ಕರ ಹೆಸರು ಬಂತು. ಹೋಮರನ ಹೆಸರಿಲ್ಲದೆ ಇಲಿಯಡ್ ಕುರಿತು ನಾವು ಮಾತನಾಡುವುದಿಲ್ಲ. ಹಾಡಿದವರ ಹೆಸರಿಲ್ಲದೆ ನಮ್ಮ ಮೌಖಿಕ ಕಾವ್ಯಗಳ ಬಗ್ಗೆ ಮಾತ್ರ ಧಾರಾಳವಾಗಿ ಮಾತನಾಡುತ್ತೇವೆ. ಸಂಶೋಧನ ಪ್ರಬಂಧ ಬರೆಯುವ ನಮ್ಮ ವಿದ್ಯಾರ್ಥಿಗಳು ಹಾಡಿದವರನ್ನು 'ವಕ್ತೃ' ಎಂದು ಅನುಬಂಧಕ್ಕೆ ತಳ್ಳದೆ, ಕವಿ ಎಂದು ಪ್ರಬಂಧದ ಒಳಗೇ ಕರೆತರಬೇಕು.

ಎರಡನೆಯದಾಗಿ, ಉತ್ಸವಗಳಲ್ಲಿ ಜನಪದ ಕಲೆಗಳನ್ನು ಮೆರೆಸುವ ನಮ್ಮ ಪದ್ಧತಿಯನ್ನು ಪರೀಕ್ಷಿಸಬೇಕು. 1963ರಲ್ಲಿ ಅಮೆರಿಕದ ಸರಕಾರ ಡ್ಯೂಕ್ ಎಲಿಂಗ್ಟನ್ನರ ತಂಡವನ್ನು ಮುಂಬಯಿಯೂ ಸೇರಿದಂತೆ ಹಲವು ನಗರಗಳಿಗೆ ಕಳುಹಿಸಿ ತನ್ನ ಪ್ರಜಾಪ್ರಭುತ್ವವನ್ನು ಮೆರೆಸಿಕೊಂಡಿತು. ಅದೇ ವರ್ಷ ಆ ದೇಶದ ಕಪ್ಪು ಜನ ತಮ್ಮ ಹಕ್ಕಿಗಾಗಿ ವಾಷಿಂಗ್ಟನ್ನಿಗೆ ನಡೆದುಹೋಗಬೇಕಾಯಿತು. ಲಿಟ್ಲ್ ರಾಕಿನ ಶಾಲೆಯಲ್ಲಿ ಕಪ್ಪು ಮಕ್ಕಳನ್ನು ತಡೆದಾಗ, 1957ರಲ್ಲಿ, ಲೂಯಿ ಆರ್ಮ್‌ಸ್ಟ್ರಾಂಗ್ ಸರಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗಲು ಒಲ್ಲೆನೆಂದರು. ಜೀವನವಿಡೀ ನಗುನಗುತ್ತ ನುಡಿಸಿದ ಆ ಹಿರಿಯರೂ ಒಮ್ಮೆ ನುಡಿಸದಿರುವ ಹಕ್ಕನ್ನು ಬಳಸಿಕೊಂಡರು. ನನ್ನ ವಿದ್ಯಾರ್ಥಿ ಅಂಧೇರಿಯಲ್ಲಿ ಮಾಡಿದ್ದು ಅದನ್ನೇ ಎಂದು ನನಗೆ ಈಗ ತೋರುತ್ತದೆ. ಅಂದು ನಾನು ಅವನ ನಿರಾಕರಣೆಯನ್ನು ಕೀಳರಿಮೆ ಎಂದು ತಿಳಿದಿದ್ದೆ. ತಪ್ಪು ನನ್ನದು.

ಅವನು ಸ್ನಾತಕೋತ್ತರ ಪದವಿ ಮುಗಿಸಿ ಈಗ ಊರ ಕಡೆ ಅಧ್ಯಾಪಕನಾಗಿದ್ದಾನೆ. ಕಳೆದ ಸಲ ಮಾತನಾಡಿದಾಗ, ರಜೆಯಲ್ಲಿ ಮನೆಗೆ ಹೋದಾಗ ಅಜ್ಜನ ಡೋಲಿನ ಬಡಿತಗಳನ್ನು ಒಂದೊಂದಾಗಿ ಬರೆದಿಡುತ್ತಿದ್ದೇನೆ, ಅವುಗಳಿಗೆ ಅಜ್ಜ ಬೇರೆ ಬೇರೆ ಹೆಸರು ಹೇಳುತ್ತಾರೆ ಎಂದ. ಅದನ್ನು ಪ್ರಕಟಿಸುವೆಯಾ ಎಂದು ಕೇಳಲು ಬಾಯಿಗೆ ಬಂದ ಮಾತನ್ನು ತಡೆದುಕೊಂಡೆ. ಪ್ರಕಟಿಸುವುದೋ ಬಿಡುವುದೋ ಅವನಿಗೂ ಅವನ ಅಜ್ಜನಿಗೂ ಸೇರಿದ್ದು. ಮುಂದೆ ಎಂದಾದರೂ ಅದು ಅಚ್ಚಾದರೆ ಕನ್ನಡ ವಿಭಾಗಗಳು ಅದನ್ನು ಪಠ್ಯವಾಗಿ ಇಡಬೇಕು, ಕವಿಯ ಹೆಸರಿರಬೇಕಾದ ಜಾಗದಲ್ಲಿ ಆ ಅಜ್ಜನ ಹೆಸರನ್ನು ಬರೆಯಬೇಕು.